ಒಂದೇ ಮನೆಯಲ್ಲಿ ಬೆಳೆದವರ ರಾಜಕೀಯ ಯಾಕೆ ಬೇರೆ ಬೇರೆ?

ನೀವು ಕೇಳಿದ್ದು ಇದು: ನೀವೂ ನಿಮ್ಮ ಅಣ್ಣನೂ ಒಂದೇ ಮನೆಯಲ್ಲಿ ಬೆಳೆದವರು, ಆದರೂ ರಾಜಕೀಯದ ಮಾತು ಬಂದರೆ ಜಗಳ. ಅಂಕಿಅಂಶ ಮುಂದಿಟ್ಟರೂ ಅವರು ಒಪ್ಪುವುದಿಲ್ಲ, ಯಾಕೆ?

ನಾನು ಸಕಲೇಶಪುರದ ಕಡೆಯವನು, ಮನಃಶಾಸ್ತ್ರ ಓದಿದವನು. ನನಗೆ ತಿಳಿದಂತೆ ಸರಿ-ತಪ್ಪಿನ ವಿಷಯದಲ್ಲಿ ಮನಸ್ಸು ಹೆಚ್ಚಾಗಿ ಮೊದಲು ತೀರ್ಪು ಕೊಡುತ್ತದೆ, ಕಾರಣ ಹುಡುಕುವುದು ಆಮೇಲೆ. ನಿಮ್ಮ ಅಂಕಿಅಂಶ ತಲುಪುವ ಹೊತ್ತಿಗೆ ಅಣ್ಣನ ತೀರ್ಪು ಆಗಿಹೋಗಿರುತ್ತದೆ. ನಿಮ್ಮದೂ ಅಷ್ಟೇ.

2023ರ ಡಿಸೆಂಬರ್‌ನಲ್ಲಿ ನಮ್ಮ ತಾಲ್ಲೂಕಿನ ಯಸಳೂರು ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರ್ಜುನ ಸತ್ತ. ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ. ಆಗ ಇಲ್ಲಿ ಕೇಳಿದ ಮಾತುಗಳನ್ನು ನಾನು ಮರೆತಿಲ್ಲ. "ವಯಸ್ಸಾದ ಮೂಕಪ್ರಾಣಿ, ಅದನ್ನ ಕರ್ಕೊಂಡು ಬಂದಿದ್ದೇ ತಪ್ಪು" ಎಂದರು ಒಬ್ಬರು. ಇನ್ನೊಬ್ಬರು, "ಚಾಮುಂಡಿ ತಾಯಿನ ಹೊತ್ತ ಆನೆ, ಅದಕ್ಕೆ ತಕ್ಕ ಮರ್ಯಾದೆ ಸಿಗ್ಬೇಕು" ಎಂದರು. ತೋಟದ ಕೆಲಸದ ಹೆಂಗಸೊಬ್ಬರು ಮಾತ್ರ, "ಆನೆ ತುಳಿದು ನಮ್ಮೋರು ಸತ್ತಾಗ ಇಷ್ಟು ಜನ ಬಂದಿದ್ರಾ?" ಎಂದು ಕೇಳಿದರು. ಮೂವರಿಗೂ ಸಂಕಟವಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಆದರೆ ಮೊದಲನೆಯವರಿಗೆ ಜೀವಕ್ಕಾದ ನೋವು ಚುಚ್ಚಿತು, ಎರಡನೆಯವರಿಗೆ ಪಾವಿತ್ರ್ಯ, ಮೂರನೆಯವರಿಗೆ ಅನ್ಯಾಯ.

ಅಮೆರಿಕದ ಮನಃಶಾಸ್ತ್ರಜ್ಞ ಜೊನಾಥನ್ ಹೈಟ್ ಮತ್ತು ಜೊತೆಗಾರರು ಇಂಥ ಎಳೆಗಳನ್ನೇ ಐದಾಗಿ ಗುರುತಿಸಿದರು: ಕಾಳಜಿ, ನ್ಯಾಯ, ನಮ್ಮವರೆಂಬ ನಿಷ್ಠೆ, ಹಿರಿತನಕ್ಕೆ ಗೌರವ, ಪಾವಿತ್ರ್ಯ. ಅವರ 2009ರ ಅಧ್ಯಯನದಲ್ಲಿ ಉದಾರವಾದಿಗಳು ಮೊದಲ ಎರಡಕ್ಕೆ ಜಾಸ್ತಿ ತೂಕ ಕೊಟ್ಟರು, ಸಂಪ್ರದಾಯವಾದಿಗಳು ಐದಕ್ಕೂ ಹೆಚ್ಚುಕಡಿಮೆ ಸಮನಾಗಿ ಕೊಟ್ಟರು. ಹೈಟ್ 1993ರಲ್ಲಿ ಭುವನೇಶ್ವರದಲ್ಲಿ ಕೆಲವು ತಿಂಗಳು ಇದ್ದರು. ಅಲ್ಲಿನ ಮನೆಗಳ ಹಿರಿಕಿರಿತನ ಅವರಿಗೆ ಮೊದಲು ಕಸಿವಿಸಿ ತಂದಿತ್ತು. ಉಂಡು, ಒಡನಾಡಿದ ಮೇಲೆ ಆ ಜನರ ಕಣ್ಣಿಂದ ನೋಡಲು ಬಂತು. ಈ ವಿಷಯದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಪ್ರೀತಿ ಹುಟ್ಟಿದ ಮೇಲೆ ಅರ್ಥವಾಯಿತು.

ಈ ತೂಕ ಎಲ್ಲಿಂದ ಬರುತ್ತದೆ? ಸ್ವಲ್ಪ ಹುಟ್ಟಿನಿಂದಲೇ. 2005ರ ಒಂದು ಅಧ್ಯಯನದಲ್ಲಿ, ಒಂದೇ ವಂಶವಾಹಿ ಇರುವ ತದ್ರೂಪಿ ಅವಳಿಗಳ ರಾಜಕೀಯ ನಿಲುವು ಉಳಿದ ಅವಳಿಗಳಿಗಿಂತ ಹೆಚ್ಚು ಹೊಂದಿಕೆಯಾಗಿತ್ತು. ಒಂದೇ ಮನೆ, ಒಂದೇ ಊಟ ಎಲ್ಲವನ್ನೂ ತೀರ್ಮಾನಿಸುವುದಿಲ್ಲ.

ಆದರೆ ಅಮೆರಿಕದ ಲೆಕ್ಕವನ್ನು ಹಾಸನಕ್ಕೆ ಹಾಗೇ ತಂದು ಕೂರಿಸಬೇಡಿ. ಇಲ್ಲಿ ವೋಟಿಗೆ ಜಾತಿ ಇದೆ, ಮನೆತನದ ನಂಟಿದೆ, ಮದುವೆ-ತಿಥಿಗೆ ಯಾರು ಬಂದರು ಅನ್ನುವುದೂ ಇದೆ. ಅಣ್ಣನ ಪಕ್ಷ ನೋಡಿ ಅವರ ಮನಸ್ಸು ಹೀಗೇ ಅಂತ ಹೇಳಲಾಗುವುದಿಲ್ಲ. ಪಕ್ಷದ ಹೆಸರಿಗೆ ಬೇರೆಯದೇ ಶಕ್ತಿ ಇದೆ ಕೂಡ. ಅಮೆರಿಕದ ಮನಃಶಾಸ್ತ್ರಜ್ಞ ಜೆಫ್ರಿ ಕೋಹೆನ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ವಿದ್ಯಾರ್ಥಿಗಳು ಒಂದು ಸರ್ಕಾರಿ ಯೋಜನೆಯನ್ನು ಅದು ತಮ್ಮ ಪಕ್ಷದ್ದು ಎಂದಾಗ ಮೆಚ್ಚಿದರು, ಅದರೊಳಗೆ ಏನೇ ಇದ್ದರೂ. ವಿವರ ನೋಡಿಯೇ ಒಪ್ಪಿದ್ದೇವೆ ಎಂದು ನಂಬಿದ್ದರು. ಹಾಗಾಗಿ ಸಾಧ್ಯವಾದರೆ ಪಕ್ಷದ ಹೆಸರೇ ಎತ್ತದೆ ಮಾತಾಡಿ.

ವಾದದಿಂದ ಏನೂ ಬದಲಾಗಲ್ಲವಾ? ಆಗುತ್ತದೆ, ಅವರ ಎಳೆ ಹಿಡಿದರೆ. ಫೈನ್‌ಬರ್ಗ್ ಮತ್ತು ವಿಲ್ಲರ್ ಎಂಬ ಸಂಶೋಧಕರು 2013ರ ಅಧ್ಯಯನದಲ್ಲಿ ಪರಿಸರದ ವಿಷಯವನ್ನು ಕೊಳಕು ಮತ್ತು ಶುದ್ಧಿಯ ಮಾತಿನಲ್ಲಿ ಹೇಳಿದರು. ಆಗ ಸಂಪ್ರದಾಯವಾದಿಗಳ ಬೆಂಬಲ ಹೆಚ್ಚಿತು. ನಿಮ್ಮ ಅಣ್ಣನಿಗೆ ಹೇಮಾವತಿ ತಾಯಿಯಾಗಿದ್ದರೆ, ಹೊಳೆಗೆ ಕೊಳಚೆ ಬಿಡುವ ವಿಷಯವನ್ನು ಅಲ್ಲಿಂದಲೇ ಶುರು ಮಾಡಿ. ಸುಮ್ನೆ ಗೆಲ್ಲುವುದಕ್ಕೆ ಹಾಗೆ ಮಾತಾಡಿದರೆ ಅಣ್ಣನಿಗೆ ಗೊತ್ತಾಗಿಬಿಡುತ್ತದೆ. ಮೊದಲು "ಅಣ್ಣ, ಇದ್ರಲ್ಲಿ ನಿಂಗೆ ಯಾವ್ದು ತಡ್ಕೊಳ್ಳೋಕಾಗಲ್ಲ?" ಅಂತ ಕೇಳಿ, ಅವರು ಪೂರ್ತಿ ಹೇಳಿ ಮುಗಿಸಲಿ.