ಪ್ರತಿಕ್ರಿಯೆ: ಅವನೊಬ್ಬನೇ ಚೆಕ್ ಎಂದದ್ದು ಹೇಗೆ?
ಪೋಕರ್ ಇಸ್ಪೀಟಾಟದಲ್ಲಿ ಫ್ಲಾಪ್‌ಗೆ, ಅಂದರೆ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಮೊದಲ ಮೂರು ಎಲೆ ಇಡುವುದಕ್ಕೆ, ಮೊದಲು ಎಲ್ಲರೂ ಕಾಲ್ ಮಾಡಿದರೂ ಒಬ್ಬ ಮಾತ್ರ ಚೆಕ್ ಎಂದದ್ದು ಹೇಗೆ ಎಂದು ಕೇಳಿದ್ದೀರಿ. ಅವನು ಬಿಗ್ ಬ್ಲೈಂಡ್ ಆಗಿದ್ದಿರಬೇಕು. ಬ್ಲೈಂಡ್ ಎಂದರೆ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಕಟ್ಟುವ ಪಣ. ಅದು 50 ಮತ್ತು 100 ಎಂದಿಟ್ಟುಕೊಳ್ಳಿ. ಉಳಿದವರು ಆಟದಲ್ಲಿರಲು 100 ಹಾಕಬೇಕು, ಅದು ಕಾಲ್. ಸ್ಮಾಲ್ ಬ್ಲೈಂಡ್‌ನವನು ಇನ್ನು 50 ಸೇರಿಸಿದರೆ ಸಾಕು. ಬಿಗ್ ಬ್ಲೈಂಡ್‌ನವನ 100 ಆಗಲೇ ಮೇಜಿನ ಮೇಲಿದೆ. ಯಾರೂ ರೇಸ್ ಮಾಡದಿದ್ದರೆ, ಅಂದರೆ ಪಣ ಏರಿಸದಿದ್ದರೆ, ಅವನು ಏನನ್ನೂ ಹಾಕದೆ ಸರದಿ ದಾಟಿಸಬಹುದು. ಅದೇ ಚೆಕ್. ಮನಸ್ಸಿದ್ದರೆ ರೇಸ್ ಕೂಡ ಮಾಡಬಹುದು, ಹೊಸಬರು ಮರೆಯುವುದು ಇದನ್ನೇ.

ಫ್ಲಾಪ್‌ನ ಮೂರು ಎಲೆ ಬಿದ್ದ ಮೇಲೆ ಯಾರಾದರೂ ಬೆಟ್ ಮಾಡುವ ತನಕ ಎಲ್ಲರಿಗೂ ಚೆಕ್ ಮಾಡುವ ಅವಕಾಶವಿದೆ. ಅಂದ ಹಾಗೆ, ಚೆಕ್ ಎಂದವನ ಎಲೆ ಕಳಪೆ ಎಂದುಕೊಳ್ಳಬೇಡಿ. ನಿಮ್ಮಿಂದ ಬೆಟ್ ಮಾಡಿಸಿ ಆಮೇಲೆ ಏರಿಸುವ ಚೆಕ್-ರೇಸ್ ಎಂಬ ಪಟ್ಟೂ ಇದೆ.