ಓದಿದ್ದು ತಲೆಗೆ ಹೋಗಿದೆಯೋ ಇಲ್ಲವೋ, ತಿಳಿಯುವುದು ಹೇಗೆ?

ಡಿಗ್ರಿ ವಿದ್ಯಾರ್ಥಿಗಳು ತಮ್ಮ ಓದನ್ನು ತಾವೇ ಅಳೆದುಕೊಳ್ಳುವಂತೆ ಮಾಡುವುದು ಹೇಗೆ ಎಂದು ಕೇಳಿದ್ದೀರಿ. ನೋಟ್ಸ್ ನಾಲ್ಕು ಸಲ ಓದಿದರೆ ಎಲ್ಲಾ ಬಂದುಬಿಟ್ಟಂತೆ ಅನ್ನಿಸುತ್ತದೆ, ಅಲ್ವಾ? ಮೊದಲು ಆ ಭ್ರಮೆ ಬಿಡಿಸಿ. 2006ರಲ್ಲಿ ಅಮೆರಿಕದ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕಿ ಇದನ್ನೇ ಪರೀಕ್ಷಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಒಂದು ಸುತ್ತು ಓದಿ, ಮೂರು ಸಲ ನೋಡದೆ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದು. ವಾರದ ನಂತರ? ಬರೆದವರಿಗೆ ಸುಮಾರು 61% ನೆನಪಿತ್ತು, ಓದಿದವರಿಗೆ 40%. ತಮಾಷೆ ಏನೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ನಂಬಿಕೆ ಓದಿದವರಿಗೇ ಜಾಸ್ತಿ ಇತ್ತು!

ಹಾಗಾಗಿ ಸುಮ್ನೆ ಟೈಮ್‌ಟೇಬಲ್ ಬರೆಸಬೇಡಿ. ವಾರಕ್ಕೊಮ್ಮೆ ಪುಸ್ತಕ ಮುಚ್ಚಿಸಿ ಕಿರುಪರೀಕ್ಷೆ ಕೊಡಿ. ಎಷ್ಟು ಅಂಕ ಬರಬಹುದೆಂದು ಮೊದಲೇ ಅವರೇ ಊಹಿಸಿ ಬರೆದಿಡಲಿ. ಊಹೆ ಎಲ್ಲಿ ತಪ್ಪಿತೋ, ಮುಂದಿನ ವಾರದ ಓದು ಅಲ್ಲಿಂದಲೇ ಶುರು.