ಎರಡು ಮುದ್ದೆ, ಎರಡು ಕೆಜಿ

ಅನ್ನ, ಮುದ್ದೆ, ಚಪಾತಿ ಬಿಟ್ಟು ತೂಕ ಇಳಿಸಿಕೊಂಡವರು ಒಂದಲ್ಲ ಒಂದು ದಿನ ಸಲಹೆ ಕೇಳಲು ನನ್ನ ಮುಂದೆ ಬಂದು ಕೂರುತ್ತಾರೆ. ಎಲ್ಲರದ್ದೂ ಒಂದೇ ಭಯ. "ಮತ್ತೆ ಊಟ ಶುರು ಮಾಡಿದ್ರೆ ಇಳಿದಿದ್ದೆಲ್ಲ ವಾಪಸ್ ಬರುತ್ತೆ ಅಲ್ವಾ?" ಇಲ್ಲಿ ಬರೆಯುವುದು ಒಬ್ಬರ ವಿಷಯ. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಟೀಚರ್ ಅಂತ ಕರೆಯುತ್ತೇನೆ.

ಟೀಚರ್‌ಗೆ ನಲವತ್ತು ದಾಟಿದೆ. ಮಂಡ್ಯ ಕಡೆಯ ತುಂಬಿದ ಮನೆ. 84 ಕೆಜಿ ಇದ್ದವರು ಎಂಟು ತಿಂಗಳಲ್ಲಿ 70ಕ್ಕೆ ಬಂದಿದ್ದರು. ಮೊಟ್ಟೆ, ಪನೀರ್, ತುಪ್ಪ, ಬಾದಾಮಿ, ಅನ್ನದ ಬದಲು ತುರಿದ ಹೂಕೋಸು. ಸಕ್ಕರೆ ಕಾಯಿಲೆ ಇಲ್ಲ, ಥೈರಾಯ್ಡ್ ಸರಿಯಿದೆ. ನನ್ನ ಹತ್ತಿರ ಬಂದದ್ದು ಮಲಬದ್ಧತೆಗೆ, ಅದಕ್ಕಿಂತ ಜಾಸ್ತಿ ಬೇಸರಕ್ಕೆ. ಮನೆಯವರೆಲ್ಲ ಪಂಕ್ತಿಯಲ್ಲಿ ಕೂತು ಉಣ್ಣುವಾಗ ಇವರೊಬ್ಬರು ಅಡುಗೆಮನೆಯಲ್ಲಿ ನಿಂತು ಪನೀರ್ ತಿನ್ನುತ್ತಿದ್ದರು. "ಒಂದು ಮುದ್ದೆ ಉಣ್ಣು ಮಗಾ, ಏನೂ ಆಗಕಿಲ್ಲ" ಅಂತ ಅತ್ತೆ ದಿನಾ ಕರೆಯುತ್ತಿದ್ದರಂತೆ.

ಮೊದಲ ಎರಡು ಭೇಟಿಯಲ್ಲಿ ಹೇಳುವಂಥದ್ದು ಏನೂ ನಡೆಯಲಿಲ್ಲ. ಮೂರನೇ ಸಲ ಅವರು ಅಳುತ್ತಾ ಬಂದರು. ಕೈಯಲ್ಲಿ ಒಂದು ನೋಟ್‌ಬುಕ್. ದಿನದ ತೂಕ ಬರೆದಿಟ್ಟಿದ್ದರು. ಇಳಿದ ದಿನ ನೀಲಿ ಇಂಕು, ಏರಿದ ದಿನ ಕೆಂಪು ಇಂಕು. ಮಕ್ಕಳ ಉತ್ತರಪತ್ರಿಕೆ ತಿದ್ದುವ ಕೈ ಅದು. ನಾದಿನಿ ಮನೆಯ ಹಬ್ಬಕ್ಕೆ ನಾಲ್ಕು ದಿನ ಹೋಗಿದ್ದರು. ಎರಡು ಮುದ್ದೆ, ಮೂರು ಹೊತ್ತು ಅನ್ನ, ಒಂದು ಒಬ್ಬಟ್ಟು. ವಾಪಸ್ ಬಂದು ನೋಡಿದರೆ 70.2 ಇದ್ದದ್ದು 72.3.

"ಎರಡು ಮುದ್ದೆನ ತಕ್ಕಡಿಗೆ ಹಾಕಿದ್ರೂ ಎರಡು ಕೆಜಿ ತೂಗಲ್ಲ ಮೇಡಂ. ಇದು ಎಲ್ಲಿಂದ ಬಂತು?"

ಅವರ ಪ್ರಶ್ನೆಯಲ್ಲೇ ಉತ್ತರದ ಅರ್ಧ ಇತ್ತು. ಪೆನ್ನು ಅವರ ಕೈಗೇ ಕೊಟ್ಟೆ. ಮೈಯಲ್ಲಿ ಒಂದು ಕೆಜಿ ಕೊಬ್ಬು ಕೂಡಬೇಕಾದರೆ ಖರ್ಚಾಗುವುದಕ್ಕಿಂತ ಸುಮಾರು 7,700 ಕ್ಯಾಲೊರಿ ಜಾಸ್ತಿ ಹೋಗಬೇಕು. ಎರಡು ಕೆಜಿಗೆ 15,000 ದಾಟುತ್ತದೆ. ಹಬ್ಬದಲ್ಲಿ ಮಾಮೂಲಿಗಿಂತ ಜಾಸ್ತಿ ತಿಂದದ್ದನ್ನು ಕೂಡಿಸಿದರು. ಎಷ್ಟು ಧಾರಾಳವಾಗಿ ಬರೆದರೂ 1,500ರ ಹತ್ತಿರಕ್ಕೆ ನಿಂತಿತು. ಅಂದರೆ ಕೊಬ್ಬು ಸುಮಾರು 200 ಗ್ರಾಂ. ಉಳಿದದ್ದು ಬಹುಪಾಲು ನೀರು.

ನಾವು ತಿನ್ನುವ ಅನ್ನ, ರಾಗಿಯ ಒಂದು ಪಾಲು ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಗ್ಲೈಕೊಜನ್ ಆಗಿ ಕೂಡಿರುತ್ತದೆ. ದೊಡ್ಡವರ ಮೈಯಲ್ಲಿ ಸುಮಾರು ಅರ್ಧ ಕೆಜಿ. ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಇರುತ್ತದೆ. ಅನ್ನ ಬಿಟ್ಟಾಗ ಈ ಕಣಜ ಬರಿದಾಗಿ ನೀರು ಹೊರಗೆ ಹೋಗುತ್ತದೆ. ಮತ್ತೆ ಉಂಡಾಗ ಕಣಜ ತುಂಬುತ್ತದೆ, ನೀರು ವಾಪಸ್ ಬರುತ್ತದೆ. ಮೂತ್ರಪಿಂಡವೂ ಉಪ್ಪನ್ನು ಸ್ವಲ್ಪ ಜಾಸ್ತಿ ಹಿಡಿದುಕೊಳ್ಳುತ್ತದೆ. ಹಬ್ಬದೂಟದ ಉಪ್ಪಿನಕಾಯಿ, ಹಪ್ಪಳ ಬೇರೆ.

ಅವರಿಗೆ ಸಮಾಧಾನ ಆಯಿತು ಅಂದುಕೊಂಡೆ. ಅವರು ನೋಟ್‌ಬುಕ್‌ನ ಮೊದಲ ಪುಟ ತೆಗೆದರು. ಡಯಟ್ ಶುರು ಮಾಡಿದ ಮೊದಲ ವಾರದಲ್ಲೇ ಮೂರು ಕೆಜಿ ಇಳಿದಿತ್ತು. ಸುತ್ತಲೂ ನೀಲಿ ಇಂಕಿನ ಹೂವು ಬರೆದಿದ್ದರು.

"ಹಾಗಾದ್ರೆ ಇದೂ ನೀರೇನಾ ಮೇಡಂ?"

ಸ್ವಲ್ಪ ಹೊತ್ತು ನಾನು ಮಾತಾಡಲಿಲ್ಲ. ಎಂಟು ತಿಂಗಳ ಕಷ್ಟಕ್ಕೆ ಧೈರ್ಯ ಕೊಟ್ಟ ವಾರ ಅದು. ಅವರ ಮನಸ್ಸು ನೋಯಬಾರದು ಅಂತ ಸುಮ್ನೆ ತಲೆ ಆಡಿಸಬಹುದಿತ್ತು. ಆದರೂ ಹೇಳಿದೆ. "ಹೌದು. ಅದರಲ್ಲಿ ಜಾಸ್ತಿ ಪಾಲು ನೀರೇ. ಆಮೇಲೆ ಇಳಿದದ್ದು ನಿಮ್ಮ ನಿಜವಾದ ಸಂಪಾದನೆ, ಅದನ್ನು ಯಾರೂ ಕಿತ್ತುಕೊಂಡಿಲ್ಲ. 70 ಅನ್ನುವುದು ಬರಿದಾದ ಕಣಜದ ತೂಕ. ಊಟ ಮಾಡುವ ನಿಮ್ಮ ತೂಕ 72. ನಾವು ಕಾಪಾಡಬೇಕಾದದ್ದು ಇದನ್ನು."

ಅವರು ತುಂಬ ಹೊತ್ತು ಆ ಪುಟ ನೋಡುತ್ತಾ ಕೂತಿದ್ದರು. ಆಮೇಲೆ ಕೇಳಿದರು. "ಇದನ್ನ ಮೊದಲೇ ಯಾಕೆ ಯಾರೂ ಹೇಳಲಿಲ್ಲ?"

ಈ ಮಾತು ನನ್ನನ್ನು ಕಾಡುತ್ತದೆ. ಅನ್ನ ಬಿಡಿ ಅಂತ ಹೇಳುವವರು ಸಾವಿರ ಜನ. ಮತ್ತೆ ಉಂಡಾಗ ಮೊದಲ ವಾರದಲ್ಲಿ ಎರಡು ಕೆಜಿ ಏರುತ್ತದೆ, ಗಾಬರಿಯಾಗಬೇಡಿ ಅಂತ ಹೇಳುವವರು ಎಷ್ಟು ಜನ? ನಾನೂ ಮೊದಲ ಭೇಟಿಯಲ್ಲೇ ಹೇಳಬೇಕಿತ್ತು. ಗೊತ್ತಿಲ್ಲದವರು ಆ ಎರಡು ಕೆಜಿ ನೋಡಿ ಮತ್ತೆ ಅನ್ನ ಬಿಡುತ್ತಾರೆ. ಇಲ್ಲವಾದರೆ ಎಲ್ಲ ಹಾಳಾಯಿತು ಅಂತ ಕೈಬಿಟ್ಟು ಸಿಕ್ಕಿದ್ದೆಲ್ಲ ತಿನ್ನುತ್ತಾರೆ. ನಿಜವಾದ ಕೊಬ್ಬು ಏರುವುದು ಆಗ.

ಇನ್ನೊಂದು ದಾರಿಯಲ್ಲೂ ಏರುತ್ತದೆ. ನಾನು ಅತಿ ಹೆಚ್ಚು ನೋಡುವ ತಪ್ಪು ಇದೇ. ಅನ್ನ ವಾಪಸ್ ಬರುತ್ತದೆ, ಆದರೆ ತುಪ್ಪ ಹೊರಗೆ ಹೋಗುವುದಿಲ್ಲ. ಅನ್ನ ಇಲ್ಲದಾಗ ಹೊಟ್ಟೆ ತುಂಬಲಿ ಅಂತ ಸೇರಿಸಿದ ತುಪ್ಪ, ಚೀಸ್, ಬಾದಾಮಿ ಹಾಗೇ ಉಳಿದು, ಅದರ ಮೇಲೆ ಮುದ್ದೆ ಬಂದು ಕೂರುತ್ತದೆ. ಪಿಷ್ಟದ ಗ್ರಾಂಗೆ 4 ಕ್ಯಾಲೊರಿ, ಕೊಬ್ಬಿಗೆ 9. ಎರಡೂ ಧಾರಾಳವಾದರೆ ತೂಕ ಏರದೆ ಇನ್ನೇನಾಗುತ್ತದೆ?

ಹಾಗಾಗಿ ಟೀಚರ್‌ಗೆ ಕೊಟ್ಟ ಸಲಹೆ ಅದಲುಬದಲಿನದ್ದು. ದಿನದ ತುಪ್ಪದಲ್ಲಿ ಎರಡು ದೊಡ್ಡ ಚಮಚ, ಒಂದು ಹಿಡಿ ಬಾದಾಮಿ ತೆಗೆದೆವು. ಸುಮಾರು 400 ಕ್ಯಾಲೊರಿ. ಆ ಜಾಗಕ್ಕೆ ಮಧ್ಯಾಹ್ನ 60 ಗ್ರಾಂ ಹಿಟ್ಟಿನ ಸಣ್ಣ ಮುದ್ದೆ, ರಾತ್ರಿ ಒಂದು ಲೋಟ ಅನ್ನ. ಎರಡೂ ಸೇರಿ ಹೆಚ್ಚುಕಡಿಮೆ ಅಷ್ಟೇ. ಒಂದೇ ದಿನ ಎರಡೂ ಅಲ್ಲ. ಮೊದಲ ಎರಡು ವಾರ ಮುದ್ದೆ ಮಾತ್ರ. ಮೊಟ್ಟೆ, ಮೊಳಕೆ ಕಾಳು, ಮೊಸರು ಬಿಡಬೇಡಿ ಅಂದೆ. ತಟ್ಟೆಯ ಅರ್ಧ ಸೊಪ್ಪು, ತರಕಾರಿ. ಬಸ್ಸಾರಿನ ಪಲ್ಯ ಇರುವ ಮನೆಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ರಾಗಿಯ ನಾರು, ಸೊಪ್ಪು ಸೇರಿ ಮಲಬದ್ಧತೆ ಮೂರು ವಾರದಲ್ಲಿ ಹೋಯಿತು.

ಸಮತೋಲನದ ಊಟ ಅಂದರೆ ಹಳೆಯ ರಾಶಿ ಅನ್ನಕ್ಕೆ ಮರಳುವುದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಕೂಡ ಧಾನ್ಯಗಳಿಂದ ಬರುವ ಶಕ್ತಿ ಶೇ. 45 ಮೀರಬಾರದು ಅನ್ನುತ್ತದೆ.

ಎರಡು ವಾರ ತೂಕದ ಯಂತ್ರವನ್ನು ಅತ್ತೆಯ ಕೋಣೆಯಲ್ಲಿ ಇಡಿಸಿದೆ. ಸೊಂಟದ ಅಳತೆ ಮಾತ್ರ, ವಾರಕ್ಕೊಮ್ಮೆ. ಇದನ್ನು ನನ್ನ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ದಿನಾ ತೂಕ ನೋಡುವವರು ತೂಕ ಕಾಪಾಡಿಕೊಳ್ಳುತ್ತಾರೆ ಅನ್ನುವುದು ಅವರ ವಾದ. ಅನೇಕರಿಗೆ ಅದು ನಿಜ, ನಾನೂ ಹಾಗೆ ಸಲಹೆ ಕೊಟ್ಟದ್ದಿದೆ. ಆದರೆ ದಿನಕ್ಕೆ ನಾಲ್ಕು ಸಲ ಯಂತ್ರ ಹತ್ತಿ, ಕೆಂಪು ಇಂಕಿನಲ್ಲಿ ತನಗೆ ತಾನೇ ಶಿಕ್ಷೆ ಬರೆದುಕೊಳ್ಳುವವರಿಗೆ ಅದು ಔಷಧಿ ಅಲ್ಲ. ಕಡಿಮೆ ಕಾರ್ಬ್ ಡಯಟ್‌ನ್ನು, ಅಂದರೆ ಅನ್ನ, ರಾಗಿಯಂಥ ಪಿಷ್ಟ ಕಡಿಮೆ ಮಾಡುವ ಊಟವನ್ನು, ನಾನು ಬೈಯಲಿಲ್ಲ ಅಂತಲೂ ಕೆಲವರಿಗೆ ಬೇಸರ. ಯಾಕೆ ಬೈಯಲಿ? 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಒಂದು ವರ್ಷ ನೋಡಿದ್ದರು. ಕಾರ್ಬ್ ಕಡಿಮೆ ಮಾಡಿದವರಿಗೂ ಕೊಬ್ಬು ಕಡಿಮೆ ಮಾಡಿದವರಿಗೂ ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಟೀಚರ್ ಆ ದಾರಿಯಲ್ಲೇ ಇಳಿದರು, ಅದು ಅವರ ಶ್ರಮ.

ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು ಇದನ್ನು ಓದಿ ತಾವೇ ಬದಲಾವಣೆ ಮಾಡಬೇಡಿ. ಅನ್ನ ಬಿಡುವಾಗಲೂ, ಮತ್ತೆ ಶುರು ಮಾಡುವಾಗಲೂ ಔಷಧಿಯ ಪ್ರಮಾಣವನ್ನು ವೈದ್ಯರೇ ನೋಡಬೇಕು.

ಆರು ತಿಂಗಳಾಯಿತು. ತೂಕ 72ರಿಂದ 73ರ ಮಧ್ಯೆ ಆಡುತ್ತಿದೆ. ಸೊಂಟ ಏರಿಲ್ಲ. ಭಯ ಪೂರ್ತಿ ಹೋಗಿಲ್ಲ. ಯುಗಾದಿಗೆ ಹೋಳಿಗೆ ತಿಂದ ಮರುದಿನ ಯಂತ್ರದ ಹತ್ತಿರ ಹೋಗಿ ವಾಪಸ್ ಬಂದರಂತೆ, ಮೂರನೇ ದಿನ ತಡೆಯಲಾಗದೆ ಹತ್ತಿದರಂತೆ. ಹೋದ ಭೇಟಿಯಲ್ಲಿ ನೋಟ್‌ಬುಕ್ ತೋರಿಸಿದರು. ಈಗ ವಾರಕ್ಕೆ ಒಂದೇ ಸಾಲು. ಎಲ್ಲವೂ ಪೆನ್ಸಿಲ್‌ನಲ್ಲಿ.